‘ಕಟ್ಟಿ ಬಿಡಿ’ ಎಂಬ ಕೆಟ್ಟ ಬುದ್ಧಿವಾದ

ಸಂಚಾರ ಪೊಲೀಸರಿಂದ ನೋಟಿಸು ಬಂದಿದೆ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ‘ಎಷ್ಟು?’ ಎಂದು ಕೇಳುತ್ತಾರೆ. ಐನೂರೋ ಸಾವಿರವೋ ಅಂದರೆ, ‘ಕಟ್ಟಿ ಬಿಡಿ, ಯಾಕೆ ತಲೆಬಿಸಿ’ ಎನ್ನುತ್ತಾರೆ. ವಕೀಲರೂ ಇದನ್ನೇ ಹೇಳುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿ ಕಲಿಸಿ ನಿವೃತ್ತರಾದ ಮೇಷ್ಟರೂ ಇದನ್ನೇ ಹೇಳುತ್ತಾರೆ. ‘ನೀವು ಆ ತಪ್ಪು ಮಾಡಿದ್ದೀರಾ?’ ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಸ್ವಲ್ಪ ಲೆಕ್ಕಾಚಾರದವರು ಇನ್ನೊಂದು ಮಾತು ಸೇರಿಸುತ್ತಾರೆ: ‘ಈಗಲೇ ಕಟ್ಟಬೇಡಿ, ಹೇಗೂ ಫಿಫ್ಟಿ ಪರ್ಸೆಂಟ್ ಬಿಡ್ತಾರೆ, ಕಾಯಿರಿ.’

ಈ ಬುದ್ಧಿವಾದ ರಾಜ್ಯದಲ್ಲಿ ಎಷ್ಟು ಸಲೀಸಾಗಿ ನೆಲೆಯೂರಿದೆಯೆಂದರೆ, ಅದನ್ನು ಪ್ರಶ್ನಿಸಿದವರೇ ಕಿರಿಕ್ಕಿನವರಾಗಿ ಕಾಣುತ್ತಾರೆ. ನಾನು ಆ ಹೆಸರು ಹೊತ್ತುಕೊಳ್ಳಲು ಸಿದ್ಧನಿದ್ದೇನೆ. ಕೇಳದೆ ನೋಡದೆ ದಂಡ ಕಟ್ಟುವುದು ಒಳ್ಳೆಯ ನಾಗರಿಕನ ಲಕ್ಷಣ ಎಂಬ ನಂಬಿಕೆ ಸುಳ್ಳು, ಅಪಾಯಕಾರಿ. ಪೊಲೀಸರಿಗೆ ತಾವು ಮಾಡಿದ್ದೇ ಸರಿ ಎನ್ನಿಸುವುದು, ಸರ್ಕಾರಕ್ಕೆ ದಂಡ ಒಂದು ಆದಾಯವಾಗಿ ಕಾಣುವುದು, ರಸ್ತೆ ಇದ್ದಷ್ಟೇ ಅಪಾಯದಲ್ಲಿ ಉಳಿಯುವುದು, ಈ ಮೂರಕ್ಕೂ ನಮ್ಮ ಈ ಸುಮ್ಮನಿರುವ ಅಭ್ಯಾಸವೇ ಬಲ.

ನಿಮ್ಮ ಮೊಬೈಲಿಗೆ ಬರುವ ಸಂಚಾರ ನೋಟಿಸು ತೀರ್ಪಲ್ಲ, ಆರೋಪ. ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆ ಪೊಲೀಸರಿಗೆ ಕೊಟ್ಟಿಲ್ಲ. ಅದರ ಸೆಕ್ಷನ್ 200 ಕೊಟ್ಟಿರುವುದು ರಾಜಿ ಮಾಡಿಸುವ ಅಧಿಕಾರ ಮಾತ್ರ. ಕೆಲವು ಅಪರಾಧಗಳಲ್ಲಿ ಆರೋಪಿ ಒಪ್ಪಿದರೆ, ಸರ್ಕಾರ ಗೊತ್ತುಮಾಡಿದ ಮೊತ್ತವನ್ನು ಗೊತ್ತುಮಾಡಿದ ಅಧಿಕಾರಿ ಪಡೆದು ಪ್ರಕರಣ ಮುಗಿಸಬಹುದು. ಆರೋಪಿ ಒಪ್ಪದಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಸಾಕ್ಷ್ಯ ಇಡಬೇಕು, ಸಾಬೀತು ಮಾಡಬೇಕು. ಸಾಬೀತುಮಾಡುವ ಹೊಣೆ ಅವರದ್ದು. ಕೊಲೆ ಆರೋಪಿಗೂ ಇರುವ ಈ ರಕ್ಷಣೆ ಸ್ಕೂಟರ್ ಓಡಿಸುವವಳಿಗೂ ಇದೆ. ಅದನ್ನು ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ. ‘ಕಟ್ಟಿ ಬಿಡಿ’ ಎನ್ನುತ್ತ ನಾವೇ ಕೈಬಿಟ್ಟಿದ್ದೇವೆ.

ಕಟ್ಟಿದರೆ ಅಲ್ಲಿಗೆ ಮುಗಿಯಿತು ಎಂಬುದು ಎರಡನೆಯ ಸುಳ್ಳು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ದಂಡದ ಮೊತ್ತ ಏರಿದ್ದು ಎಲ್ಲರಿಗೂ ನೆನಪಿದೆ. ಕರ್ನಾಟಕ ಸರ್ಕಾರ ಅದೇ ತಿಂಗಳು ಹಲವು ಮೊತ್ತಗಳನ್ನು ಇಳಿಸಿದ್ದೂ, ಹೆಲ್ಮೆಟ್ ದಂಡ ಸಾವಿರದಿಂದ ಐನೂರಕ್ಕೆ ಬಂದದ್ದೂ ನೆನಪಿದೆ. ಆದರೆ ಅದೇ ತಿದ್ದುಪಡಿ ಸೆಕ್ಷನ್ 200ಕ್ಕೆ ಇನ್ನೊಂದು ಸಾಲು ಸೇರಿಸಿತು. ರಾಜಿ ಮಾಡಿಕೊಂಡು ಹಣ ಕಟ್ಟಿದ್ದರೂ, ಮುಂದೊಮ್ಮೆ ಅದೇ ತಪ್ಪಿಗೆ ಸಿಕ್ಕಿಬಿದ್ದರೆ ಹಳೆಯದನ್ನು ನೀವು ಹಿಂದೆ ಮಾಡಿದ ಅಪರಾಧವೆಂದೇ ಲೆಕ್ಕ ಹಿಡಿಯಬೇಕು. ಇದರ ಅರ್ಥವೇನೆಂದು ಯಾರಾದರೂ ಜನರಿಗೆ ಬಿಡಿಸಿ ಹೇಳಿದ್ದಾರೆಯೇ? ಸಾಮಾನ್ಯ ಉಲ್ಲಂಘನೆಗೆ ಮೊದಲ ಸಲ 500 ರೂಪಾಯಿ, ಮರುಕಳಿಸಿದರೆ 1,500. ಕೆಂಪು ದೀಪ ದಾಟುವುದು ಈಗ ಸೆಕ್ಷನ್ 184ರ ಅಪಾಯಕಾರಿ ಚಾಲನೆಯ ವ್ಯಾಖ್ಯೆಯೊಳಗಿದೆ. ಮೂರು ವರ್ಷದೊಳಗೆ ಎರಡನೆಯ ಸಲ ಸಿಕ್ಕರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ವಿಧಿಸಲು ಕಾನೂನಿನಲ್ಲಿ ಜಾಗವಿದೆ. ಹೆಲ್ಮೆಟ್ ಇಲ್ಲದ ಸವಾರಿಗೆ ಸೆಕ್ಷನ್ 194ಡಿ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯನ್ನೂ ಹೇಳುತ್ತದೆ. ಬೇರೆ ಯಾರದೋ ತಪ್ಪಿಗೆ ಐನೂರು ಕಟ್ಟಿ ಕೈತೊಳೆದುಕೊಂಡೆ ಎಂದು ನಿಟ್ಟುಸಿರು ಬಿಟ್ಟವರು ತಮ್ಮ ಹೆಸರಿನ ಮುಂದೆ ಒಂದು ಅಪರಾಧವನ್ನು ತಾವೇ ಬರೆಸಿಕೊಂಡಿದ್ದಾರೆ.

ನನ್ನ ತಂಗಿಗೆ ಆದದ್ದು ಇದೇ. ಹಾಸನದಲ್ಲಿ ಶಿಕ್ಷಕಿಯಾಗಿರುವವಳು, ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಸ್ಕೂಟರ್ ಓಡಿಸುವವಳು. ಅವಳ ಗಾಡಿ ಬೆಂಗಳೂರು ಕಂಡದ್ದೇ ಇಲ್ಲ. ಬೆಂಗಳೂರಿನ ಒಂದು ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಇಲ್ಲದೆ ಹೋದಿರಿ ಎಂದು ಅವಳ ಮೊಬೈಲಿಗೆ ಸಂದೇಶ ಬಂತು. ಲಿಂಕ್ ತೆರೆದು ಚಿತ್ರ ದೊಡ್ಡದು ಮಾಡಿ ನೋಡಿದೆವು. ಕಪ್ಪು ಬೈಕು, ಅದರ ಮೇಲೆ ಮೂರು ಜನ ಹುಡುಗರು, ಮೂವರ ತಲೆಯೂ ಬೋಳು. ನಂಬರ್ ಪ್ಲೇಟಿನ ಮೂಲೆಗೆ ಕೆಸರು ಮೆತ್ತಿತ್ತು. ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಯಂತ್ರ 8 ಎಂದು ಓದಿತ್ತು. ತಂಗಿಯದು ತಿಳಿನೀಲಿ ಬಣ್ಣದ ಗೇರ್ ಇಲ್ಲದ ಸ್ಕೂಟರ್. ಚಿತ್ರ ನೋಡಿದ ಮಗುವಿಗೂ ಗೊತ್ತಾಗುವಂಥ ತಪ್ಪು. ನೋಟಿಸು ಹೊರಡುವ ಮೊದಲು ಒಬ್ಬ ಮನುಷ್ಯ ಒಂದು ಕ್ಷಣ ಆ ಚಿತ್ರವನ್ನೂ ಗಾಡಿಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅದು ಹೊರಡುತ್ತಲೇ ಇರಲಿಲ್ಲ.

ಅವಳು ಆನ್‌ಲೈನಿನಲ್ಲಿ ದೂರು ಬರೆದಳು, ಆರ್‌ಸಿ ಲಗತ್ತಿಸಿದಳು. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು, ಆಮೇಲೆ ಏನೂ ಬರಲಿಲ್ಲ. ಫೋನ್ ಮಾಡಿದರೆ ಠಾಣೆಗೆ ಬನ್ನಿ ಎಂದರು. ಹಾಸನದಿಂದ ಹೋಗಿಬರುವ ಬಸ್ ಖರ್ಚು, ಒಂದು ದಿನದ ರಜೆ. ‘ಬಿಡು ಅಣ್ಣ, ಐನೂರು ರೂಪಾಯಿಗೆ ಯಾರು ಅಷ್ಟು ದೂರ ಓಡಾಡ್ತಾರೆ’ ಎಂದಳು. ರಿಯಾಯಿತಿ ಬಂದಾಗ ಅರ್ಧ ಕಟ್ಟಿ, ‘ಇನ್ನೂರೈವತ್ತರಲ್ಲಿ ಮುಗೀತು’ ಎಂದು ಸಮಾಧಾನಪಟ್ಟಳು. ಏನು ಮುಗಿಯಿತು? ದಾಖಲೆಯಲ್ಲಿ ಅವಳೀಗ ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದವಳು. ಆ ಮೂವರು ಹುಡುಗರು ಯಾರೆಂದು ಯಾರಿಗೂ ಗೊತ್ತಿಲ್ಲ. ಅವರು ಇವತ್ತೂ ಹಾಗೆಯೇ ಓಡಾಡುತ್ತಿದ್ದಾರೆ, ನಾಳೆ ಯಾವುದಾದರೂ ಡಿವೈಡರಿಗೆ ತಲೆ ಒಡೆದುಕೊಳ್ಳುವವರೆಗೂ ಓಡಾಡುತ್ತಾರೆ. ತಂಗಿಯ ಇನ್ನೂರೈವತ್ತು ರೂಪಾಯಿಯಿಂದ ಯಾರ ಪ್ರಾಣ ಉಳಿಯಿತು?

‘ಕ್ಯಾಮೆರಾ ಸುಳ್ಳು ಹೇಳುವುದಿಲ್ಲ’ ಎಂಬ ಮಾತನ್ನು ಈಗ ಎಲ್ಲ ಕಡೆ ಕೇಳುತ್ತೇನೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ದಾಟುವುದನ್ನು ಹಿಡಿಯುವ 80 ಕ್ಯಾಮೆರಾ ಬಂದವು. ಆಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಗೂ ಬಂದವು. ಬರಲಿ. ಆದರೆ ಕ್ಯಾಮೆರಾಕ್ಕೆ ಕಾಣುವುದೆಷ್ಟು? ಹಿಂದಿನಿಂದ ಆಂಬುಲೆನ್ಸ್ ಸೈರನ್ ಹೊಡೆದುಕೊಂಡು ಬರುತ್ತಿದೆ, ನೀವು ಸ್ಟಾಪ್ ಲೈನ್ ದಾಟಿ ಮುಂದೆ ಸರಿದು ದಾರಿ ಬಿಡುತ್ತೀರಿ. ಬಿಡದಿದ್ದರೆ ಸೆಕ್ಷನ್ 194ಇ ಪ್ರಕಾರ 10,000 ರೂಪಾಯಿ ದಂಡ. ಬಿಟ್ಟರೆ ಮೇಲಿನ ಕ್ಯಾಮೆರಾ ಕೆಂಪು ದೀಪ ದಾಟಿದಿರಿ ಎಂದು ನೋಟಿಸು ಕಳಿಸುತ್ತದೆ. ಸಂಜೆ ಹೊತ್ತಿನಲ್ಲಿ ವೃತ್ತದ ಮಧ್ಯೆ ನಿಂತ ಕಾನ್‌ಸ್ಟೇಬಲ್ ‘ಬನ್ನಿ ಬನ್ನಿ’ ಎಂದು ಕೈಬೀಸಿ ಕೆಂಪು ದೀಪದಲ್ಲೇ ಗಾಡಿಗಳನ್ನು ಬಿಡುತ್ತಾರೆ, ಅವರ ಮಾತು ಕೇಳಿದ್ದಕ್ಕೂ ಚಿತ್ರ ಬೀಳುತ್ತದೆ. ಎರಡು ವರ್ಷದ ಹಿಂದೆ ಮಾರಿದ ಗಾಡಿಯನ್ನು ಕೊಂಡವನು ಆರ್‌ಸಿ ಬದಲಿಸದೆ ಓಡಿಸುತ್ತಿದ್ದರೆ ನೋಟಿಸು ಹಳೆಯ ಮಾಲೀಕನ ಮನೆಗೆ. ಇದನ್ನೆಲ್ಲ ಯಂತ್ರ ಹೇಗೆ ತಿಳಿಯಬೇಕು? ತಿಳಿಯಲು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮಾತು ಕೇಳಬೇಕು. ಆ ಕೇಳುವ ಜಾಗವೇ ಇಲ್ಲದ ಮೇಲೆ ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ನ್ಯಾಯ ಹುಟ್ಟುವುದಿಲ್ಲ.

ಕಾನೂನು ಮಾಡಿದವರಿಗೆ ಈ ಅಪಾಯ ಗೊತ್ತಿತ್ತು. ಅದಕ್ಕೇ 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಕ್ಯಾಮೆರಾ ಇರಲಿ, ವೇಗ ಅಳೆಯುವ ಯಂತ್ರವಿರಲಿ, ಅದಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಇಲ್ಲಿ ಕಣ್ಗಾವಲಿದೆ ಎಂದು ಮುಂಚಿತವಾಗಿ ತಿಳಿಸುವ ಫಲಕ ಹಾಕಬೇಕು. ಘಟನೆ ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು. ಅದರಲ್ಲಿ ಅಪರಾಧವೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರದ ಅಳತೆ, ದಿನ, ಸಮಯ, ಸ್ಥಳ, ಯಾವ ಸೆಕ್ಷನ್ ಉಲ್ಲಂಘನೆ ಎಂಬ ವಿವರ, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇವೆಲ್ಲ ಇರಬೇಕು. ಅಂಥ ಪ್ರಮಾಣಪತ್ರ ಎಷ್ಟು ಮುಖ್ಯವೆಂದು ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ನಿಚ್ಚಳವಾಗಿ ಹೇಳಿದೆ. ಇನ್ನು ಅತಿವೇಗದ ಆರೋಪ: ಒಬ್ಬ ಸಾಕ್ಷಿಗೆ ವೇಗ ಜಾಸ್ತಿ ಅನ್ನಿಸಿತು ಎಂಬಷ್ಟರಿಂದಲೇ, ಯಂತ್ರದ ಅಳತೆ ಇಲ್ಲದೆ, ಯಾರನ್ನೂ ಶಿಕ್ಷಿಸಬಾರದು ಎಂದು ಸೆಕ್ಷನ್ 183 ಹೇಳುತ್ತದೆ. ಸ್ಥಳೀಯವಾಗಿ ವೇಗಮಿತಿ ಗೊತ್ತುಮಾಡುವ ಸರ್ಕಾರ ಅದರ ಫಲಕವನ್ನೂ ನೆಡಬೇಕು ಎನ್ನುತ್ತದೆ ಸೆಕ್ಷನ್ 112.

ನಿಮಗೆ ಬಂದ ನೋಟಿಸನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಿದ್ದೀರಾ? ತಿಂಗಳುಗಟ್ಟಲೆ ತಡವಾಗಿ ಬಂದ ನೋಟಿಸಿಗೆ, ಚಿತ್ರವೇ ತೆರೆದುಕೊಳ್ಳದ ನೋಟಿಸಿಗೆ, ಪ್ರಮಾಣಪತ್ರದ ಸುಳಿವೇ ಇಲ್ಲದ ನೋಟಿಸಿಗೆ ಜನ ಹಣ ಕಟ್ಟುತ್ತಿದ್ದಾರೆ. ನಿಯಮ ಪಾಲಿಸದ ವಾಹನ ಸವಾರನಿಗೆ ದಂಡ ಸರಿ ಎಂದಾದರೆ, ದಂಡ ಹಾಕುವ ನಿಯಮವನ್ನೇ ಪಾಲಿಸದ ಇಲಾಖೆಗೆ ಯಾಕೆ ಒಂದು ಪ್ರಶ್ನೆಯೂ ಇಲ್ಲ?

ನಮ್ಮಲ್ಲಿ ಸಂಚಾರ ಪ್ರಕರಣದಿಂದ ಹೊರಬರಲು ಎರಡು ದಾರಿಗಳು ಸದಾ ತೆರೆದಿವೆ. ಒಂದು, ಕಟ್ಟಿ ಬಿಡುವುದು. ಇನ್ನೊಂದು, ಫೋನ್ ಮಾಡಿಸುವುದು. ಶಾಸಕರ ಪಿಎ, ಪರಿಚಯದ ಇನ್‌ಸ್ಪೆಕ್ಟರ್, ಪತ್ರಕರ್ತ ಗೆಳೆಯ, ಯಾರ ಮೂಲಕವಾದರೂ ಸರಿ. ಮೂರನೆಯ ದಾರಿ, ಅಂದರೆ ಕಾನೂನಿನಲ್ಲಿ ಬರೆದಿಟ್ಟ ದಾರಿ, ಹುಲ್ಲು ಬೆಳೆದು ಮುಚ್ಚಿಹೋಗಿದೆ. ಬಲ ಇದ್ದವರಿಗೆ ಫೋನು, ಇಲ್ಲದವರಿಗೆ ರಸೀದಿ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ನಂಬಿರುವ ಗಣರಾಜ್ಯ ಈ ಏರ್ಪಾಡನ್ನು ಹೇಗೆ ಸಹಿಸಿಕೊಂಡಿದೆ?

ಒಂದು ವೃತ್ತದಲ್ಲಿ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಹೊಸದಾಗಿ ಒನ್‌ವೇ ಆದ ರಸ್ತೆ. ಫಲಕ ಹೊಂಗೆಮರದ ಕೊಂಬೆಯ ಹಿಂದೆ ಪೂರ್ತಿ ಮರೆಯಾಗಿತ್ತು. ಊಟ ತಲುಪಿಸುವ ಹುಡುಗನೊಬ್ಬ ಬೆನ್ನಿಗೆ ಡಬ್ಬ ಹೊತ್ತು ಆ ಕಡೆಯಿಂದ ಬಂದ. ತಿರುವಿನಲ್ಲೇ ಕಾದಿದ್ದವರು ಹಿಡಿದರು. ಗಾಡಿಯ ಕೀ ಆಗಲೇ ಪೊಲೀಸರ ಜೇಬಿನಲ್ಲಿತ್ತು. ‘ಸಾರ್, ಬೋರ್ಡ್ ಕಾಣ್ತಾನೇ ಇಲ್ಲ ಸಾರ್, ಬೇಕಾದ್ರೆ ಬಂದು ನೋಡಿ’ ಎಂದ. ‘ಹಂಗಾದ್ರೆ ಕೋರ್ಟಲ್ಲಿ ಹೇಳ್ಕೊ. ಕೋರ್ಟಿಗೆ ಅಲೀತೀಯೇನಪ್ಪಾ?’ ಎಂದರು ಅಧಿಕಾರಿ. ಹುಡುಗ ಮೊಬೈಲ್ ನೋಡಿದ, ಅದರಲ್ಲಿ ಆರ್ಡರಿನ ಸಮಯ ಓಡುತ್ತಿತ್ತು. ಮಾತಾಡದೆ ಹಣ ತೆಗೆದ.

ಆ ಒಂದು ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆ ಅಡಗಿದೆ. ನ್ಯಾಯಾಲಯ ಆ ಹುಡುಗನ ರಕ್ಷಣೆಗೆ ಇರುವ ಜಾಗ. ಅದರ ಹೆಸರು ಹೇಳಿ ಅವನನ್ನೇ ಹೆದರಿಸಲಾಯಿತು, ಅವನು ಹೆದರಿದ. ರಸ್ತೆಬದಿಯ ಲಂಚಕ್ಕೆ ಬೇರು ಇರುವುದೂ ಈ ಹೆದರಿಕೆಯಲ್ಲೇ. ‘ರಸೀದಿ ಬೇಡ ಅಂದ್ರೆ ಇನ್ನೂರು ಕೊಟ್ಟು ಹೋಗು’ ಎಂಬ ಮಾತು ನಡೆಯುವುದು, ರಸೀದಿ ಬೇಕೆಂದರೆ ಎದುರಾಗುವುದು ಕೋರ್ಟಿನ ಅಲೆದಾಟ ಎಂಬ ಭಯ ಇರುವವರೆಗೆ. ತನ್ನ ಮಾತು ಸುಲಭವಾಗಿ, ಖರ್ಚಿಲ್ಲದೆ, ಬೇಗ ಕೇಳಿಸಿಕೊಳ್ಳುವ ಜಾಗ ಒಂದಿದೆ ಎಂದು ಗೊತ್ತಿರುವ ಹುಡುಗ ಇನ್ನೂರು ಯಾಕೆ ಕೊಡುತ್ತಾನೆ? ಭ್ರಷ್ಟಾಚಾರದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮಧ್ಯಮವರ್ಗ, ತನ್ನ ‘ಕಟ್ಟಿ ಬಿಡಿ’ ಮಾತಿನಿಂದಲೇ ಆ ಭಯವನ್ನು ಸಾಕುತ್ತಿದೆ.

ಐನೂರು ರೂಪಾಯಿ ಎಲ್ಲರಿಗೂ ಐನೂರೇ ಅಲ್ಲ. ಕಾರಿನವರಿಗೆ ಅದು ಒಂದು ಸಂಜೆಯ ಕಾಫಿ–ತಿಂಡಿ. ಡೆಲಿವರಿ ಹುಡುಗನಿಗೆ, ಆಟೋ ಓಡಿಸುವವನಿಗೆ, ಗಾರೆ ಕೆಲಸಕ್ಕೆ ಹಳೆಯ ಟಿವಿಎಸ್‌ನಲ್ಲಿ ಹೋಗುವವನಿಗೆ ಅದು ಒಂದು ದಿನದ ದುಡಿಮೆ. ಇಡೀ ದಿನ ರಸ್ತೆಯಲ್ಲೇ ಇರುವವರಿಗೆ ನೋಟಿಸು ಬರುವ ಸಂಭವವೂ ಹೆಚ್ಚು, ತಪ್ಪು ನೋಟಿಸು ಬರುವ ಸಂಭವವೂ ಹೆಚ್ಚು, ಅದನ್ನು ಪ್ರಶ್ನಿಸಲು ಬಿಡುವು ಎಲ್ಲರಿಗಿಂತ ಕಡಿಮೆ. ‘ಯಾಕೆ ತಲೆಬಿಸಿ’ ಎಂದು ಹೇಳಬಲ್ಲವರು, ಐನೂರು ಹೋದರೆ ಏನೂ ಆಗದವರು. ಅವರು ಕಟ್ಟಿ ಕಟ್ಟಿ ಇದನ್ನೊಂದು ಪದ್ಧತಿ ಮಾಡಿದ್ದಾರೆ. ಆ ಪದ್ಧತಿಯ ಭಾರ ಹೊರುತ್ತಿರುವವರು ಬೇರೆ.

ಇನ್ನು ರಿಯಾಯಿತಿ. 2023ರ ಫೆಬ್ರವರಿ 3ರಿಂದ 11ರವರೆಗೆ ಬಾಕಿ ದಂಡದಲ್ಲಿ ಅರ್ಧ ಮನ್ನಾ ಎಂದು ಸರ್ಕಾರ ಘೋಷಿಸಿತು. ಒಂಬತ್ತು ದಿನದಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಜಮಾ ಆಯಿತು. ಪತ್ರಿಕೆಗಳು ‘ಭರ್ಜರಿ ಸ್ಪಂದನೆ’ ಎಂದು ಬರೆದವು. ಮಾರ್ಚಿನಲ್ಲಿ ಮತ್ತೆ ಅದೇ, ಆ ವರ್ಷದ ಮಧ್ಯದಲ್ಲಿ ಮತ್ತೆ ಅದೇ. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ, ಆಗಲೂ ನೂರು ಕೋಟಿ ದಾಟಿತು. ಸೀರೆ ಅಂಗಡಿಯ ಆಷಾಢ ಸೇಲಿನಂತೆ ಜನ ಈಗ ಇದಕ್ಕೆ ಕಾಯುತ್ತಾರೆ.

ಈ ಏರ್ಪಾಡಿನಲ್ಲಿ ಯಾರಿಗೆ ಏನು ಸಿಕ್ಕಿತು ಎಂದು ನೋಡಿ. ತಪ್ಪು ಮಾಡಿ, ಒಪ್ಪಿಕೊಂಡು, ಅದೇ ವಾರ ದಂಡ ಕಟ್ಟಿದವನು ಪೂರ್ತಿ ಕಟ್ಟಿದ. ಇಪ್ಪತ್ತು ಸಲ ಸಿಗ್ನಲ್ ಹಾರಿ, ಒಂದನ್ನೂ ಕಟ್ಟದೆ ವರ್ಷಗಟ್ಟಲೆ ಓಡಾಡಿದವನು ಅರ್ಧ ಕಟ್ಟಿದ. ಏನೂ ಮಾಡದವನೂ ಅರ್ಧ ಕಟ್ಟಿದ. ಪ್ರಾಮಾಣಿಕನಿಗೆ ನಷ್ಟ, ನಿರಪರಾಧಿಗೆ ಶಿಕ್ಷೆ, ಚಾಳಿಬಿದ್ದವನಿಗೆ ಲಾಭ. ಇದಕ್ಕಿಂತ ತಲೆಕೆಳಗಾದ ನ್ಯಾಯವನ್ನು ಯಾವ ಸರ್ಕಾರ ಕಲ್ಪಿಸಿಕೊಳ್ಳಬಲ್ಲದು? ಸಿಗ್ನಲ್ ಹಾರುವುದು ಮನುಷ್ಯರನ್ನು ಕೊಲ್ಲಬಲ್ಲ ಅಪರಾಧ ಎಂದು ನಿಜವಾಗಿ ನಂಬಿದ ಸರ್ಕಾರ ಅದರ ಮೇಲೆ ರಿಯಾಯಿತಿ ಕೊಡುತ್ತದೆಯೇ? ಇದರ ಹಿಂದೆಯೇ ಇನ್ನೊಂದು ಅಪಾಯ ಇದೆ. ಲಕ್ಷಾಂತರ ಪ್ರಕರಣಗಳು ಒಂದೇ ಸಲ ವಿಲೇವಾರಿಯಾದಾಗ, ಅವುಗಳಲ್ಲಿ ಎಷ್ಟು ತಪ್ಪು ನೋಟಿಸುಗಳಿದ್ದವು ಎಂಬ ಲೆಕ್ಕವೂ ಶಾಶ್ವತವಾಗಿ ಅಳಿಸಿಹೋಗುತ್ತದೆ. ಅರ್ಧ ಬೆಲೆಗೆ ಇಲಾಖೆ ಕೊಂಡದ್ದು ನಮ್ಮ ಪ್ರಶ್ನೆಗಳನ್ನು.

ಇದೆಲ್ಲ ರಸ್ತೆ ಸುರಕ್ಷತೆಗಾಗಿ ಎನ್ನುತ್ತಾರೆ. ಹಾಗಿದ್ದರೆ ಸುರಕ್ಷತೆಯ ಮಾತೇ ಆಡೋಣ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕರ್ನಾಟಕವೊಂದರಲ್ಲೇ ಹನ್ನೊಂದು ಸಾವಿರಕ್ಕೂ ಹೆಚ್ಚು. ಗುಂಡಿ, ದೀಪವಿಲ್ಲದ ತಿರುವು, ಬಣ್ಣ ಕಾಣದ ಹಂಪು, ಅರ್ಧಕ್ಕೆ ಬಿಟ್ಟ ಡಿವೈಡರ್, ಹೆದ್ದಾರಿಗೆ ಏಕಾಏಕಿ ಬಂದು ಕೂಡುವ ಹಳ್ಳಿ ರಸ್ತೆ ಇವೂ ಜನರನ್ನು ಕೊಲ್ಲುತ್ತವೆ. 2019ರ ಅದೇ ತಿದ್ದುಪಡಿ ಸೆಕ್ಷನ್ 198ಎ ಎಂಬುದನ್ನೂ ತಂದಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅದರ ಜೊತೆಗೆ ಸೆಕ್ಷನ್ 210ಬಿ ಕೂಡ ಇದೆ. ಕಾಯ್ದೆ ಜಾರಿ ಮಾಡುವ ಅಧಿಕಾರಿಯೇ ಅದನ್ನು ಮುರಿದರೆ ಎರಡು ಪಟ್ಟು ದಂಡ. ಈ ಎರಡು ಸೆಕ್ಷನ್‌ಗಳ ಅಡಿ ಹೊರಟ ನೋಟಿಸನ್ನು ನೀವು ಯಾರಾದರೂ ನೋಡಿದ್ದೀರಾ? ಹೆಲ್ಮೆಟ್ ಕಾಣುವ ಕ್ಯಾಮೆರಾಕ್ಕೆ ಅದರ ಕೆಳಗೇ ಬಾಯಿ ತೆರೆದ ಗುಂಡಿ ಯಾಕೆ ಕಾಣುವುದಿಲ್ಲ? ಒಂದೇ ಕಾಯ್ದೆಯಲ್ಲಿ ಜನರ ಮೇಲೆ ಬೀಳುವ ಸೆಕ್ಷನ್‌ಗಳಿಗೆ ಮಾತ್ರ ಜೀವವಿದೆ, ಅಧಿಕಾರದ ಮೇಲೆ ಬೀಳುವ ಸೆಕ್ಷನ್‌ಗಳು ಕಾಗದದಲ್ಲೇ ಮಲಗಿವೆ. ಅವನ್ನು ಎಬ್ಬಿಸಬೇಕಾದವರು ಪ್ರಶ್ನೆ ಕೇಳುವ ಜನ. ಕಟ್ಟಿ ಸುಮ್ಮನಾಗುವ ಜನರಿಂದ ಅದು ಆಗುವುದಿಲ್ಲ.

ವಸೂಲಿಯೇ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಸಾಕ್ಷಿ. 2025ರ ಮೇ ತಿಂಗಳಲ್ಲಿ, ನಾಯಿ ಕಚ್ಚಿದ ಮೂರೂವರೆ ವರ್ಷದ ಆಸುಪಾಸಿನ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆ–ತಾಯಿಯನ್ನು ಸಂಚಾರ ಪೊಲೀಸರು ತಪಾಸಣೆಗೆಂದು ತಡೆದರು. ಆ ಗಡಿಬಿಡಿಯಲ್ಲಿ ಮಗು ರಸ್ತೆಗೆ ಬಿದ್ದು ವಾಹನಕ್ಕೆ ಸಿಕ್ಕಿ ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ಗಾಡಿ ತಡೆಯಬಾರದು, ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂದು ಪೊಲೀಸ್ ಮಹಾನಿರ್ದೇಶಕರ ಸೂಚನೆ ಹೊರಟಿತು. ಕೀ ಕಿತ್ತುಕೊಳ್ಳುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಎಂದೂ ಇರಲಿಲ್ಲ. ವರ್ಷಗಟ್ಟಲೆ ಅದು ನಮ್ಮ ಕಣ್ಣೆದುರೇ ನಡೆಯುತ್ತಿತ್ತು. ಇಲ್ಲದ ಅಧಿಕಾರವನ್ನು ಚಲಾಯಿಸಿದಾಗಲೆಲ್ಲ ‘ಇದಕ್ಕೆ ಯಾವ ಸೆಕ್ಷನ್ ಸಾರ್?’ ಎಂದು ಸಾವಿರಾರು ಜನ ಕೇಳಿದ್ದರೆ, ಆ ಸೂಚನೆ ಬರಲು ಒಂದು ಮಗು ಸಾಯಬೇಕಿತ್ತೇ?

ಎಲ್ಲರೂ ಪ್ರಶ್ನಿಸಲು ಹೊರಟರೆ ನ್ಯಾಯಾಲಯಗಳು ಕುಸಿದುಬೀಳುತ್ತವೆ ಎನ್ನುವವರಿದ್ದಾರೆ. ನ್ಯಾಯಾಲಯ ಕೇಳಲಾರದಷ್ಟು ಆರೋಪಗಳನ್ನು ಹೊರಿಸುವುದೇ ತಪ್ಪು ಎಂದು ಇವರಿಗೆ ಅನ್ನಿಸುವುದಿಲ್ಲವೇ? ಪ್ರಶ್ನಿಸುವವರು ಲೂಪ್‌ಹೋಲ್ ಹುಡುಕುವ ಪುಂಡರು ಎಂದು ಇನ್ನು ಕೆಲವರು. ಪುಂಡರಿಗೆ ಪ್ರಶ್ನಿಸುವ ಅಗತ್ಯವೇ ಇಲ್ಲ. ಅವರು ನಂಬರ್ ಪ್ಲೇಟ್ ಮಡಚುತ್ತಾರೆ, ಫೋನ್ ಮಾಡಿಸುತ್ತಾರೆ, ರಿಯಾಯಿತಿಗೆ ಕಾಯುತ್ತಾರೆ. ಆರ್‌ಸಿ, ಚಿತ್ರ, ದಿನಾಂಕ ಜೋಡಿಸಿಟ್ಟುಕೊಂಡು ‘ಇದು ನಾನಲ್ಲ’ ಎಂದು ಬರೆಯುವವರು ಕಾನೂನಿನಲ್ಲಿ ಇನ್ನೂ ನಂಬಿಕೆ ಇಟ್ಟಿರುವವರು. ಅವರನ್ನೇ ನಾವು ಸತಾಯಿಸುತ್ತಿದ್ದೇವೆ.

ಆ ಸತಾಯಿಸುವಿಕೆ ಕಾನೂನಿನ ರಚನೆಯಲ್ಲೇ ಇದೆ. ಸೆಕ್ಷನ್ 208ರ ಪ್ರಕಾರ ತಪ್ಪೊಪ್ಪಿಗೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಣದ ಜೊತೆ ಕಳಿಸಬಹುದು. ತಪ್ಪಿಲ್ಲ ಎನ್ನಬೇಕಾದರೆ ಖುದ್ದಾಗಿಯೋ ವಕೀಲರ ಮೂಲಕವೋ ಹಾಜರಾಗಬೇಕು. ಸಂಚಾರ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ವರ್ಚುವಲ್ ಕೋರ್ಟಿನಲ್ಲೂ ಅಷ್ಟೇ, ದಂಡ ಒಪ್ಪಿದರೆ ಮೊಬೈಲಿನಲ್ಲೇ ಕೆಲಸ ಮುಗಿಯುತ್ತದೆ, ಪ್ರಶ್ನಿಸಿದರೆ ಪ್ರಕರಣ ಮಾಮೂಲಿ ನ್ಯಾಯಾಲಯಕ್ಕೆ ಹೋಗುತ್ತದೆ. ತಪ್ಪಿತಸ್ಥನಿಗೆ ಮನೆಬಾಗಿ­ಲ ಸೇವೆ, ನಿರಪರಾಧಿಗೆ ಅಲೆದಾಟ. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಅದನ್ನು ತೀರ್ಮಾನಿಸುವುದು ಕೇಸ್ ಹಾಕಿದ ಅದೇ ಇಲಾಖೆ. ಆರೋಪ ಮಾಡಿದವರೇ ತೀರ್ಪುಗಾರರಾಗಿ ಕೂತ ಜಾಗದಲ್ಲಿ ಯಾವ ನ್ಯಾಯ ಸಿಗಬೇಕು?

ಇದು ಬದಲಾಗಲೇಬೇಕು, ಬದಲಿಸಲು ಬೇಕಾದ್ದೆಲ್ಲ ಕೈಯಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 530 ವಿಚಾರಣೆಗಳನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು ಅವಕಾಶ ಕೊಟ್ಟಿದೆ. ಹಾಸನದ ಶಿಕ್ಷಕಿ ಹಾಸನದಲ್ಲೇ ಕೂತು, ಸಂಜೆ ಶಾಲೆ ಬಿಟ್ಟ ಮೇಲೆ, ಹತ್ತು ನಿಮಿಷ ವಿಡಿಯೊದಲ್ಲಿ ತನ್ನ ಮಾತು ಹೇಳುವಂತಾಗಬೇಕು. ಪೊಲೀಸ್ ಇಲಾಖೆಗೆ ಸೇರದ ತೀರ್ಪುಗಾರರು ಅದನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ದಂಡಕ್ಕೂ ಸ್ವತಂತ್ರ ತೀರ್ಪುಗಾರರಿದ್ದಾರೆ, ಫೋನಿನಲ್ಲೇ ವಾದ ಹೇಳಬಹುದು. ತಂತ್ರಜ್ಞಾನದ ರಾಜಧಾನಿ ಎಂದು ಹೆಮ್ಮೆಪಡುವ ಬೆಂಗಳೂರಿಗೆ ಇದು ಯಾಕೆ ಅಸಾಧ್ಯ? 167ಎ ನಿಯಮ ಹೇಳಿದ ಪ್ರತಿಯೊಂದು ವಿವರವೂ ನೋಟಿಸಿನಲ್ಲೇ ಇರಬೇಕು. 15 ದಿನ ದಾಟಿದ, ಪ್ರಮಾಣಪತ್ರ ಇಲ್ಲದ ನೋಟಿಸು ತಾನಾಗಿ ರದ್ದಾಗಬೇಕು. ತಪ್ಪು ನೋಟಿಸು ಎಂದು ಸಾಬೀತಾದರೆ ಆ ನಾಗರಿಕನ ಸಮಯಕ್ಕೆ ಇಲಾಖೆ ಪರಿಹಾರ ಕೊಡಬೇಕು. ಎಷ್ಟು ನೋಟಿಸು ಹೊರಟವು, ಎಷ್ಟು ತಪ್ಪಾಗಿದ್ದವು, ಎಷ್ಟು ರದ್ದಾದವು, ಸೆಕ್ಷನ್ 198ಎ ಅಡಿ ಎಷ್ಟು ಕೇಸ್ ಆದವು ಎಂಬುದನ್ನು ಪ್ರತಿ ವರ್ಷ ವಿಧಾನಮಂಡಲದ ಮುಂದೆ ಇಡಬೇಕು. ಅರ್ಧ ಬೆಲೆಯ ರಿಯಾಯಿತಿ ಇವತ್ತಿಗೇ ನಿಲ್ಲಬೇಕು.

ಸರ್ಕಾರ ಇದನ್ನು ತಾನಾಗಿ ಮಾಡುವುದಿಲ್ಲ. ಕೇಳದೆ ನೂರು ಕೋಟಿ ಬರುತ್ತಿರುವಾಗ ಯಾಕೆ ಮಾಡಬೇಕು? ಆದ್ದರಿಂದ ಶುರು ನಮ್ಮಿಂದಲೇ ಆಗಬೇಕು. ನಿಜವಾಗಿ ತಪ್ಪು ಮಾಡಿದ್ದರೆ ರಿಯಾಯಿತಿಗೆ ಕಾಯದೆ ಪೂರ್ತಿ ಕಟ್ಟಿ. ಮಾಡಿಲ್ಲವಾದರೆ ಒಂದು ಪೈಸೆಯನ್ನೂ ಕಟ್ಟಬೇಡಿ. ಚಿತ್ರ ತೆರೆದು ನೋಡಿ: ಗಾಡಿ ನಿಮ್ಮದೇನಾ, ಜಾಗ ಯಾವುದು, ದಿನ ಯಾವುದು, ಸೆಕ್ಷನ್ ಬರೆದಿದ್ದಾರೆಯೇ. ಫಲಕ ಮರೆಯಾಗಿದ್ದರೆ ಅದೇ ದಿನ ಅದರ ಫೋಟೊ ತೆಗೆದಿಡಿ. ಯಂತ್ರದ ಪ್ರಮಾಣಪತ್ರ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಸಾಕು. ದೂರಿನ ಪ್ರತಿ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಸಮನ್ಸ್ ಬಂದರೆ ಹೆದರಬೇಡಿ, ಹೋಗಿ ‘ಒಪ್ಪುವುದಿಲ್ಲ’ ಎನ್ನಿ. ವಕೀಲರ ಸಂಘಗಳು, ಕಾನೂನು ಕಾಲೇಜುಗಳು ತಿಂಗಳಿಗೊಮ್ಮೆ ಒಂದು ಮೇಜು ಹಾಕಿ ಆಟೋದವರಿಗೆ, ಡೆಲಿವರಿ ಹುಡುಗರಿಗೆ ಅರ್ಜಿ ಬರೆದುಕೊಡಲಿ. ಪತ್ರಿಕೆಗಳು ದಂಡ ಸಂಗ್ರಹದ ಕೋಟಿಗಳನ್ನು ಸಾಧನೆ ಎಂದು ಬರೆಯುವುದನ್ನು ಬಿಟ್ಟು, ರದ್ದಾದ ನೋಟಿಸುಗಳ ಸಂಖ್ಯೆ ಎಷ್ಟೆಂದು ಪ್ರತಿ ಪತ್ರಿಕಾಗೋಷ್ಠಿಯಲ್ಲೂ ಕೇಳಲಿ. ಮನೆಯಲ್ಲಿ, ಆಫೀಸಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ನೋಟಿಸು ಬಂದಿದೆ ಎಂದಾಗ ‘ಎಷ್ಟು?’ ಎಂದು ಕೇಳುವ ಮೊದಲು, ‘ಆ ತಪ್ಪು ನೀನು ಮಾಡಿದ್ದೀಯಾ? ಇಲ್ಲ ಅಂದ್ರೆ ಬಾ, ಅರ್ಜಿ ಬರೆಯೋಣ’ ಎನ್ನಿ.